ಬಂಡೆಯ ಕೆಳಗಿಂದ ಕರೆದ ದನಿ

ನನ್ನ ಬಾಯಿಂದ ಬಂದದ್ದನ್ನು ನಮ್ಮಮ್ಮನೇ ನಂಬುವುದಿಲ್ಲ. ಮಿಮಿಕ್ರಿ ಮಾಡುವವನ ಹಣೆಬರಹವೇ ಅಷ್ಟು. ಆದರೂ ಇದು ನಡೆದದ್ದು, ನನಗೇ ನಡೆದದ್ದು.

ಬೆಳ್ಳಾವಿ ಕಡೆಯ ಬೋಳು ಬಂಡೆಗುಡ್ಡದಲ್ಲಿ ನಾನೂ ಗೆಳೆಯ ಗಿರೀಶನೂ ಮೌಂಟೇನ್ ಬೈಕ್ ಓಡಿಸುತ್ತೇವೆ. ಅವನು ಶೂರ. ನಾನು ಅರ್ಧ ಇಳಿಜಾರನ್ನು ಕಣ್ಣು ಮುಚ್ಚಿಕೊಂಡೇ ಇಳಿಯುವವನು. ಬಂಡೆಯ ಮೇಲೆ ಟೈರಿನ ಗುರುತು ಉಳಿಯುವುದಿಲ್ಲವಲ್ಲ, ಅದಕ್ಕೇ ನಮ್ಮದೊಂದು ಕಟ್ಟಳೆ: ಮುಂದಿನವನು ಇಳಿದು, ಕೆಳಗೆ ನಿಂತು ದಾರಿ ಕೂಗಬೇಕು. ಕೂಗುವ ತನಕ ಹಿಂದಿನವನು ಬ್ರೇಕ್ ಬಿಡಬಾರದು. ಕೂಗಿದ ಮೇಲೆ ಅನುಮಾನಿಸಬಾರದು.

ಅವತ್ತು ಹೊರಟದ್ದು ತಡವಾಗಿತ್ತು. ಕೊನೆಯ ಇಳಿಜಾರಿಗೆ ಬಂದಾಗ ಕತ್ತಲು. ಆ ಜಾಗ ನನಗೆ ಹೊಸದು, ಗಿರೀಶನಿಗೆ ಪರಿಚಿತ. ಅವನು ಇಳಿದ. ಚಕ್ರದ ಟಿಕಟಿಕ ಸದ್ದು ದೂರವಾಗಿ... ನಿಂತಿತು. ಕಾದ ಕಲ್ಲಿನ ವಾಸನೆ, ಸುಟ್ಟ ಬ್ರೇಕಿನ ವಾಸನೆ. ನನ್ನ ಲೈಟಿನ ಬೆಳಕು ಮುಂದಿನ ಚಕ್ರವನ್ನೂ ದಾಟುತ್ತಿರಲಿಲ್ಲ.

"ಗಿರೀ... ಎಲ್ಲಿದೀಯಲಾ?"

ಆಮೇಲೆ ಬಲಗಡೆಯಿಂದ, ಮೆತ್ತಗೆ: "ಎಡಕ್ಕೆ ಬೇಡ. ಬಲಕ್ಕೆ ಬಾ. ನೇರ ಬುಡು."

ಅವನದೇ ದನಿ. ಮಾತಿಗೆ ಮೊದಲು ಗಂಟಲು ಕೆರೆಯುವುದೂ ಅವನದೇ. ಅವನನ್ನು ಅಣಕಿಸಿಯೇ ಎಷ್ಟೋ ಟೀ ಗಿಟ್ಟಿಸಿದವನು ನಾನು. ಬ್ರೇಕ್ ಬಿಟ್ಟೆ.

ಮುಂದಿನ ಚಕ್ರಕ್ಕೆ ನೆಲ ಸಿಗಲಿಲ್ಲ... ಪಕ್ಕಕ್ಕೆ ಬಿದ್ದು, ಲಂಟಾನದ ಪೊದೆಯ ಬುಡ ಹಿಡಿದುಕೊಂಡೆ. ಸೈಕಲ್ ಹೋಯಿತು. ಬಹಳ ಹೊತ್ತಾದ ಮೇಲೆ, ಎಲ್ಲೋ ಆಳದಲ್ಲಿ, ನೀರಿನ ಸದ್ದು. ಹಳೇ ಕಲ್ಲು ಕ್ವಾರಿ.

"ಇನ್ನೊಂಚೂರು ಬಾ," ಎಂದಿತು ಗಿರೀಶನ ದನಿ. ಈಗ ನನ್ನ ಕಿವಿಯ ಪಕ್ಕದಲ್ಲೇ.

ಕೂತುಕೊಂಡೇ ಎಡಕ್ಕೆ ಜಾರುತ್ತಾ, ಪ್ಯಾಂಟು ಹರಿದುಕೊಂಡು ರಸ್ತೆಗೆ ಇಳಿದೆ. ನನ್ನ ಶೌರ್ಯ ಅಷ್ಟೇ. ಗಿರೀಶ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೂತು ಬನ್ನು ಅದ್ದಿಕೊಂಡು ತಿನ್ನುತ್ತಿದ್ದ.

"ಯಾಕೋ ಬಿಟ್ಟು ಬಂದೆ?" ಎಂದೆ.

"ಮೇಲಿಂದ ನೀನೇ ತಾನೆ ಕೂಗಿದ್ದು? ನೀನು ಹೋಗ್ತಿರು, ನಾನು ಆ ಕಡೆಯಿಂದ ಬರ್ತೀನಿ ಅಂತ."

"ನಾನು ಕೂಗಿಲ್ಲ ಕಣೋ. ನೀನೇ ನನ್ನ ಬಲಕ್ಕೆ ಕರೆದೆ."

"ನಾನಾ?" ಅವನು ನಕ್ಕ. "ನನ್ನ ವಾಯ್ಸ್ ಮಾಡೋನು ತುಮಕೂರಲ್ಲಿ ಒಬ್ನೇ ಕಣ್ಲಾ. ಅವ್ನು ಇಲ್ಲೇ ನಿಂತವ್ನೆ."

ಅಂಗಡಿಯವನೂ ನಕ್ಕ.

ಅವನು ಸುಳ್ಳು ಹೇಳಿದ್ದರೆ, ಗೆಳೆಯನೇ ನನ್ನನ್ನು ಕ್ವಾರಿಗೆ ಕಳಿಸಿದ ಹಾಗಾಯಿತು. ನಿಜ ಹೇಳಿದ್ದರೆ... ಎಷ್ಟೋ ರಾತ್ರಿ, ಅದು ದ್ರೋಹವೇ ಆಗಿರಲಿ ದೇವರೇ ಎಂದು ಬೇಡಿಕೊಂಡಿದ್ದೇನೆ.

ಮೊನ್ನೆ ಭಾನುವಾರ ಹಗಲಲ್ಲಿ, ಬೇರೆಯವರ ಸೈಕಲ್ ತಗೊಂಡು ಮತ್ತೆ ಅದೇ ಇಳಿಜಾರಿಗೆ ಹೋದೆ. ಗಿರೀಶ ಕಣ್ಣೆದುರಲ್ಲೇ ಕೆಳಗೆ ನಿಂತು "ಬಾರೋ" ಎಂದ. ತುಟಿ ಆಡಿದ್ದು ಕಂಡಿತು. ಆದರೂ ಬ್ರೇಕ್ ಹಿಡಿದ ನನ್ನ ಬೆರಳು ಸಡಿಲವಾಗಲಿಲ್ಲ. ಇಳಿದು, ಸೈಕಲ್ ಹೊತ್ತುಕೊಂಡು ನಡೆದು ಬಂದೆ.

ಯಾಕೆ ಎಂದು ಅವನು ಕೇಳಲೇ ಇಲ್ಲ.