ತಲೆಗೆ ಐದು ರೂಪಾಯಿ

ಶಹಾಪುರದ ಕಾಂತೇಶನಿಗೆ ನ್ಯಾಯದ ಹುಚ್ಚು. ಹತ್ತಿ ಬಿಡಿಸುವ ಹೆಂಗಸರನ್ನು ಹೊಲಕ್ಕೆ ಕರೆದೊಯ್ಯುವ ಮೇಸ್ತ್ರಿಗಳಿಗಾಗಿ ಅವನೊಂದು ಮೊಬೈಲ್ ಆ್ಯಪ್ ಮಾಡಿದ. ಯಾರು ಎಷ್ಟು ಕಿಲೋ ಬಿಡಿಸಿದರೆಂದು ಒತ್ತಿದರೆ ಸಾಕು, ಕೂಲಿಯ ಲೆಕ್ಕ ತಾನಾಗಿಯೇ ಬರುತ್ತದೆ. ಬೆಲೆ ಇಡುವಾಗ ಮಾತ್ರ ವಾರಗಟ್ಟಲೆ ತಲೆ ಕೆಡಿಸಿಕೊಂಡ. ದೊಡ್ಡ ಗುಂಪಿನ ಮೇಸ್ತ್ರಿಯೂ ಸಣ್ಣ ಗುಂಪಿನವನೂ ಒಂದೇ ಬೆಲೆ ಕೊಡುವುದು ಯಾವ ನ್ಯಾಯ? ದಿನಕ್ಕೆ, ಕೂಲಿಯವರ ತಲೆಗೆ ಐದು ರೂಪಾಯಿ ಎಂದು ಇಟ್ಟ. ಸುರಪುರದಿಂದ ವಡಗೇರಾದವರೆಗೆ ಎಲ್ಲರೂ ಭೇಷ್ ಎಂದರು.

ಒಂದು ಬೆಳಿಗ್ಗೆ ಅವನ ತಾಯಿ ದೇವಕಮ್ಮ ಹೊಲಕ್ಕೆ ಹೋಗದೆ ಕಟ್ಟೆಯ ಮೇಲೆ ಕುಳಿತಿದ್ದಳು. ಮೇಸ್ತ್ರಿ ಬಸವಂತ್ರಾಯ ಅವಳನ್ನು ಟೆಂಪೋ ಹತ್ತಿಸಿಕೊಂಡಿರಲಿಲ್ಲ. ಕಾಂತೇಶ ಸಿಟ್ಟಿನಿಂದ ಫೋನ್ ಹಚ್ಚಿದ.

“ಕೂಲಿನೂ ನನ್ನ ಕಮಿಷನ್ನೂ ಕಿಲೋ ಲೆಕ್ಕದ್ದು. ಮುದುಕ್ಯಾರು ನಿಧಾನ ಬಿಡಿಸಿದ್ರ ನನಗೇನೂ ಲುಕ್ಸಾನ್ ಇರಲಿಲ್ಲ,” ಎಂದ ಬಸವಂತ್ರಾಯ. “ಈಗ ಅವರ ಮ್ಯಾಲ ಸಿಗೋ ಕಮಿಷನ್ನು ನಿನ್ನ ಐದು ರೂಪಾಯಿಗೇ ಹೋಗತದ. ಅದಕ್ಕ ಎಲ್ಲಾ ಮುದುಕ್ಯಾರನ್ನೂ ಬಿಟ್ಟೀನಿ.”

“ಅವ್ವಂದು ಮಾಫ್ ಮಾಡ್ತೀನಿ, ಕರ್ಕೊಂಡು ಹೋಗ್ರಿ.”

“ಉಳಿದವರದು?”

ಕಾಂತೇಶ ತಡವರಿಸಿದ. “ರೇಟು ಎಲ್ಲಾರಿಗೂ ಒಂದೇ ಇರಬೇಕಲ್ರಿ. ಅವರದು ಹಂಗ ಇರಲಿ.”

ಮರುದಿನ ಟೆಂಪೋ ಮನೆಯ ಮುಂದೆಯೇ ಬಂದು ನಿಂತಿತು. ಓಣಿಯ ಮುದುಕಿಯರು ತಂತಮ್ಮ ಕಟ್ಟೆಗಳಿಂದ ನೋಡುತ್ತಿದ್ದರು. ಟೆಂಪೋದಲ್ಲಿ ಅವರು ದಿನಾ ಕೂರುತ್ತಿದ್ದ ಜಾಗ ಖಾಲಿ ಬಿದ್ದಿತ್ತು. ದೇವಕಮ್ಮ ಅಲ್ಲಿ ಕುಳಿತು, ಮಗನತ್ತ ತಿರುಗಿ ಹಿಗ್ಗಿದಳು.

“ಕಾಲು ಚಾಚಾಕ ಭೇಷ್ ಆತು ನೋಡಪ್ಪ.”