ಮಾವನ ಮನೆ ಅಂದುಬಿಟ್ಟೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಹೆಬ್ಬಗೋಡಿಯ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಪಕ್ಕದ ಮನೆಯವನು ಮತ್ತೆ ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿ, ತೆಗಿ ಅಂದರೆ "ಏನೀಗ?" ಅಂದ. ಕೈಯಲ್ಲಿದ್ದ ಹೆಲ್ಮೆಟ್ಟಿನಿಂದ ಅವನ ತಲೆಗೆ ಬಾರಿಸಿದೆ. ತಲೆ ಒಡೆಯಿತು, ಪೊಲೀಸರು ಬಂದರು, ಬೇಲ್ ಸಿಗುವವರೆಗೆ ಕೆಲವು ವಾರ ಜೈಲಿನಲ್ಲಿದ್ದೆ. ಆಮೇಲೆ ಎರಡೂ ಮನೆಯ ಹಿರಿಯರು ಕೂತು ರಾಜಿ ಮಾಡಿಸಿದರು. ಈಗ ಅವನೂ ನಾನೂ ಎದುರಾದರೆ ತಲೆ ಆಡಿಸುತ್ತೇವೆ, ಅಷ್ಟೆ.

ಹೊಡೆಯುವಾಗ ಜೈಲಿನ ಭಯ ಆಗಲಿಲ್ಲವೇ ಎಂದು ಎಷ್ಟೋ ಜನ ಕೇಳಿದ್ದಾರೆ. ಇಲ್ಲ ಸ್ವಾಮಿ. ಕಣ್ಣಿಗೆ ಕಾರು ಕಾಣುತ್ತಿತ್ತು, ಕಿವಿಯಲ್ಲಿ ಆ "ಏನೀಗ" ಕುದಿಯುತ್ತಿತ್ತು. ಆ ಹೊತ್ತಿನಲ್ಲಿ ಯಾರಾದರೂ ಎದುರಿಗೆ ಗಲ್ಲುಗಂಬವನ್ನೇ ತಂದು ನಿಲ್ಲಿಸಿದ್ದರೂ, ಇದನ್ಯಾಕೆ ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿದ್ದೀರಿ ಎಂದು ಅವರ ಮೇಲೂ ರೇಗುತ್ತಿದ್ದೆ.

ಒಳಗೆ ನಡೆದದ್ದನ್ನು ಬರೆಯಲು ಈಗಲೂ ಮೈ ಹಿಡಿಯಾಗುತ್ತದೆ. ಬ್ಯಾರಕ್ಕಿನಲ್ಲಿ ಜಾಗಕ್ಕಿಂತ ಜನ ಜಾಸ್ತಿ. ಹೊಸಬರು ಮಲಗಬೇಕಾದ್ದು ಕಕ್ಕಸಿನ ಬಾಗಿಲ ಬಳಿ. ಹೋಗಿಬರುವವರು ಒದ್ದೆ ಕಾಲಿನಲ್ಲಿ ತುಳಿದುಕೊಂಡೇ ಓಡಾಡುವರು. ಅಲ್ಲಿಂದ ಗೋಡೆಯ ಪಕ್ಕಕ್ಕೆ ಬರಬೇಕೆಂದರೆ ಅಲ್ಲಿನ ಹಳಬನೊಬ್ಬನ ಕಾಲು ಒತ್ತಬೇಕು. ಅವನು ನನಗಿಂತ ಎಷ್ಟೋ ಚಿಕ್ಕವನು. ಒತ್ತಿದೆ. ಫ್ಯಾಕ್ಟರಿಯಲ್ಲಿ ಇಡೀ ಶಿಫ್ಟಿನ ಜನ ನನಗೆ ಸಾರ್ ಅನ್ನುತ್ತಾರೆ, ಮನೆಯಲ್ಲಿ ಕೂತಲ್ಲಿಗೇ ಕಾಫಿ ಬರುತ್ತದೆ, ಅಂಥ ನಾನು ಅವನ ಹಿಮ್ಮಡಿ ಹಿಡಿದುಕೊಂಡು, "ಸಾಕಾ ಅಣ್ಣ?" ಎಂದು ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಅವನು ಸಾಕು ಅನ್ನುವ ಬದಲು ಅದೇ ಕಾಲಿನಿಂದ ಮುಖಕ್ಕೆ ಒದ್ದ. ಸುತ್ತ ಇದ್ದವರೆಲ್ಲ ನಕ್ಕರು. ಥೂ, ನಾನೂ ನಕ್ಕೆ. ಒದೆಯ ನೋವು ಬೇಗ ಹೋಯಿತು. ನಾನೂ ನಕ್ಕಿದ್ದು ಮಾತ್ರ ಹೋಗಲಿಲ್ಲ.

ಬಿಡುಗಡೆಯಾದ ಮೇಲೆ ಅತ್ತಿಬೆಲೆ ಕಡೆಯಿಂದ ಹೆಂಡತಿಯ ಮನೆಯವರು ನನ್ನನ್ನು ನೋಡಲು ಬಂದರು. ಅತ್ತೆ, ಮಾವ, ಹೆಂಡತಿಯ ತಮ್ಮ. ಒಂದು ನಾಟಿಕೋಳಿಯನ್ನೂ ಹಿಡಿದುಕೊಂಡು ಬಂದಿದ್ದರು. ಎಲ್ಲರೂ ಮಳೆ, ಬಸ್ಸು, ಹೊಸೂರು ರಸ್ತೆಯ ಟ್ರಾಫಿಕ್ ಅಂತ ಏನೇನೋ ಮಾತಾಡಿದರು. ಬಾಮೈದನಿಗೆ ತಡೆಯಲಾಗಲಿಲ್ಲ.

"ಒಳ್ಗೆ ಎಂಗಿತ್ತು ಭಾವ?" ಅಂದ.

ಎಲ್ಲರೂ ನನ್ನ ಮುಖ ನೋಡಿದರು. ಹೆಂಡತಿ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. ಆಗ ನನ್ನ ಬಾಯಿಗೆ ಬಂದದ್ದು ಒಂದೇ ಮಾತು. ನಮ್ಮ ಕಡೆ ಜೈಲಿಗೆ ಮಾವನ ಮನೆ ಅಂತ ಇನ್ನೊಂದು ಹೆಸರಿದೆಯಲ್ಲ, ಕೂಡಿಸಿ ಉಣ್ಣಲಿಕ್ಕಿ ಕಳಿಸುವ ಜಾಗ ಅಂತ, ಅದು.

"ಎಂಗಿರುತ್ತೆ? ಮಾವನ ಮನೆ ಕಣೋ! ಟೈಮಿಗೆ ಸರಿಯಾಗಿ ಊಟ, ಟಿವಿ, ಕೇರಂ ಬೋರ್ಡು. ಅಲ್ಲಿದ್ದ ಹುಡುಗ್ರೆಲ್ಲ ಅಣ್ಣಾ ಅಣ್ಣಾ ಅಂತ ನನ್ನ ಹಿಂದೇನೇ ಇರೋವು."

ನಿಜವಾದ ಮಾವ ಎದುರಿಗೇ ಕೂತಿದ್ದರು. "ಹಂಗಾದ್ರೆ ನಮ್ಮನೆಗಿಂತ ಅದೇ ಚೆನ್ನಾಗಿತ್ತು ಅನ್ನಿ" ಅಂತ ಅವರೂ ನಕ್ಕುಬಿಟ್ಟರು. ಮನೆಯ ಉಸಿರು ಸಡಿಲವಾಯಿತು. ಕೋಳಿಸಾರು ಚೆನ್ನಾಗಿತ್ತು. ಬಾಮೈದ ಮಾತ್ರ ಊಟ ಮುಗಿಯುವವರೆಗೂ ಕೇರಂ ಬಗ್ಗೆ ಕೇಳುತ್ತಲೇ ಇದ್ದ, ನಾನು ಸೇರಿಸಿ ಸೇರಿಸಿ ಹೇಳುತ್ತಲೇ ಹೋದೆ.

ಅಲ್ಲಿಗೆ ನಿಲ್ಲಿಸಿದೆನೇ? ಇಲ್ಲ. ಫ್ಯಾಕ್ಟರಿ ಎದುರಿನ ಟೀ ಅಂಗಡಿಯಲ್ಲಿ ಅದೇ ನನ್ನ ಕಥೆಯಾಯಿತು. ಪೇಪರಿನಲ್ಲಿ ಕಳ್ಳತನದ ಸುದ್ದಿಯೋ ಸರ ಕಿತ್ತ ಸುದ್ದಿಯೋ ಬಂದರೆ ಸಾಕು, ಯಾರಾದರೊಬ್ಬರು ನನ್ನ ಕಡೆ ತಿರುಗುವರು. ಕ್ವಾಲಿಟಿ ವಿಭಾಗದವನೊಬ್ಬನಿಗಂತೂ ಈ ವಿಷಯ ಎತ್ತಿದರೆ ಮೈಮೇಲೆ ಬಂದಂತೆ ಆಗುತ್ತಿತ್ತು.

"ಜೈಲು ಅಂದ್ರೆ ಮೈ ನಡುಗ್ಬೇಕು ಗುರು! ಒಂದ್ಸಲ ಹೋಗ್ಬಂದೋನು ಆ ಕಡೆ ತಲೆ ಹಾಕಿ ಮಲಗ್ಬಾರ್ದು. ಇವ್ರು ಟಿವಿ ಕೊಟ್ಟು, ಚಿಕನ್ ಕೊಟ್ಟು ಸಾಕ್ತಾರೆ. ನೀವೇ ಹೇಳಿ ಸಾರ್, ನೋಡ್ಬಂದಿದೀರಲ್ಲ."

"ಹೂಂ ಮತ್ತೆ, ಸಲಿಗೆ ಜಾಸ್ತಿ ಆಗೋಯ್ತು. ಟೈಟ್ ಮಾಡ್ಬೇಕು" ಅನ್ನುತ್ತಿದ್ದೆ. ಒದೆ ತಿಂದ ಬಾಯಿಂದಲೇ ಅನ್ನುತ್ತಿದ್ದೆ. ಇವರೆಲ್ಲ ಬಯಸುವ ನರಕ ಅಲ್ಲಿ ಆಗಲೇ ಇದೆ ಎಂದು ಗೊತ್ತಿದ್ದವನು ಆ ಗುಂಪಿನಲ್ಲಿ ನಾನೊಬ್ಬನೇ. ಜೈಲು ಎಷ್ಟು ಕಠಿಣವಾಗಿದ್ದರೇನು, ಒಳಗಿನ ಸುದ್ದಿ ಹೊರಗೆ ತರುವವನು ನನ್ನಂಥವನು ತಾನೇ? ಕಂಡವರ ಕಾಲು ಒತ್ತಿ ಬಂದವನು ಕಾಲು ಒತ್ತಿದೆ ಅಂತ ಟೀ ಕುಡಿಯುತ್ತಾ ಹೇಳುತ್ತಾನೆಯೇ? ಕೇರಂ ಆಡಿದೆ ಅನ್ನುತ್ತಾನೆ. ನನಗೆ ಅಲ್ಲಿ ಆದದ್ದರಿಂದ ಒಂದು ನರಪಿಳ್ಳೆಯೂ ಹೆದರಲಿಲ್ಲ. ನಾನು ಹೆದರಿಸಲಿಲ್ಲ.

ಬಾಮೈದ ಸಿಂಗಸಂದ್ರದ ಕಡೆ ಒಬ್ಬರ ಹತ್ತಿರ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಒಂದು ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮನೆಗೆ ಬಂದ. ಹಿಂದಿನ ದಿನ ಓನರಿನ ಮಗ ಕುಡಿದು ಟ್ಯಾಂಕರ್ ಓಡಿಸಿ, ರಸ್ತೆ ದಾಟುತ್ತಿದ್ದ ಗಾರೆ ಕೆಲಸದವನೊಬ್ಬನ ಮೇಲೆ ಹತ್ತಿಸಿದ್ದನಂತೆ. ಆ ಮನುಷ್ಯ ರಾಯಚೂರಿನ ಕಡೆಯವನು, ಅಲ್ಲೇ ಸತ್ತ. ಮಗ ಗಾಡಿ ನಿಲ್ಲಿಸದೆ ಓಡಿಬಂದಿದ್ದ. ಈಗ ಸ್ಟೇಷನ್ನಿಗೆ ಹೋಗಿ, ಓಡಿಸುತ್ತಿದ್ದವನು ನಾನೇ ಅಂತ ನಮ್ಮ ಬಾಮೈದ ಒಪ್ಪಿಕೊಳ್ಳಬೇಕು ಅಂತ ಓನರ್ ಕೇಳಿದ್ದರು. ಒಪ್ಪಿಕೊಂಡರೆ ಹೊರಗೆ ಬಂದ ಮೇಲೆ ಒಂದು ಟ್ಯಾಂಕರ್ ಅವನ ಹೆಸರಿಗೇ ಮಾಡಿಕೊಡುತ್ತಾರೆ.

"ತಲೆ ಕೆಟ್ಟಿದ್ಯೇನೋ ನಿಂಗೆ? ನೀನ್ಯಾಕೋ ಜೈಲಿಗೆ ಹೋಗ್ಬೇಕು, ಅವನ್ ಮಗ ಹೋಗ್ಲಿ!" ಎಂದು ಕೂಗಾಡಿದೆ. ಕೂಗಾಡುವುದು ನನಗೆ ಸುಲಭ.

ಅವನು ಬೆದರಲಿಲ್ಲ. "ಎಲ್ಡ್ ಮೂರ್ ತಿಂಗ್ಳಲ್ಲಿ ಬೇಲ್ ಮಾಡಿಸ್ತಾರಂತೆ ಭಾವ. ಒಳ್ಗೆ ಕಷ್ಟ ಏನಿಲ್ಲ ಅಂತ ನೀವೇ ಯೋಳಿದ್ರಲ್ಲ. ಓನರ್ ಕೇಳ್ದಾಗ ನಾನು ಅದನ್ನೇ ಯೋಳ್ದೆ, ನಮ್ ಭಾವ ಆರಾಮಾಗಿ ಇದ್ದು ಬಂದವ್ರೆ, ನಂಗೇನ್ ಭಯ ಇಲ್ಲ ಅಂತ."

ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದಳು. ಹೆಂಚಿನ ಮೇಲೆ ದೋಸೆ ಸೀಯುತ್ತಿತ್ತು. "ಏನ್ರೀ ಸುಮ್ನೆ ಕೂತಿದ್ದೀರಿ? ಹೇಳ್ರೀ ಅವನಿಗೆ" ಅಂದಳು.

ಬಾಯಿ ತೆರೆದೆ. ಎಲ್ಲವೂ ನಾಲಿಗೆಯ ತುದಿಯಲ್ಲೇ ಇತ್ತು, ಕಕ್ಕಸಿನ ಬಾಗಿಲು, ಆ ಹಿಮ್ಮಡಿ, ಒದೆ, ನಗು. ಅವಳು ನೋಡುತ್ತಿದ್ದಳು. ನನ್ನ ಕೂಗಿಗೆ ಹೆದರಿಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದವಳು. ಅವಳ ಮುಂದೆ ಆ ಮಾತು ಹೇಗೆ ಆಡಲಿ?

"ಸೊಳ್ಳೆ ಜಾಸ್ತಿ ಕಣೋ" ಅಂದೆ.

ಅವನಿಗೆ ನಗು ಬಂತು. "ಅಯ್ಯೋ ಬಿಡಿ ಭಾವ, ನಮ್ಮೂರಾಗೆ ಸೊಳ್ಳೆ ಇಲ್ವಾ!" ಅಂದ. ಅಕ್ಕನನ್ನು ಸಮಾಧಾನ ಮಾಡಿ, ಎರಡು ದೋಸೆ ತಿಂದು ಎದ್ದ. ಬಸ್‌ಸ್ಟಾಪಿನವರೆಗೂ ಅವನ ಜೊತೆ ಹೋಗಬಹುದಿತ್ತು. ದಾರಿಯಲ್ಲಿ ನಾವಿಬ್ಬರೇ ಇರುತ್ತಿದ್ದೆವು, ಹೇಳಬಹುದಿತ್ತು. ಗೇಟಿನವರೆಗೆ ಹೋದೆ, "ಹುಷಾರು" ಅಂದೆ, ಒಳಗೆ ಬಂದೆ. ಅವನು ನೇರ ಹೋಗಿ ಒಪ್ಪಿಕೊಂಡ. ಸತ್ತವನಿಗೂ ಒಂದು ಮನೆ, ಮಂದಿ ಇದ್ದಾರು ಅನ್ನುವ ಮಾತು ಆವತ್ತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅದನ್ನು ನೆನೆಸಿಕೊಂಡರೂ ತಲೆ ತಗ್ಗುತ್ತದೆ.

ಅವನನ್ನು ನೋಡಲು ನಾನೂ ಹೆಂಡತಿಯೂ ಹೋದೆವು. ಜಾಲರಿಯ ಆ ಕಡೆ ಅವರು, ಈ ಕಡೆ ನಾವು. ಎಲ್ಲರೂ ಒಟ್ಟಿಗೆ ಕೂಗುತ್ತಿರುತ್ತಾರೆ, ಕಿವಿಗೊಟ್ಟರೂ ಅರ್ಧ ಕೇಳಿಸದು. ಅವನು ಇಳಿದುಹೋಗಿದ್ದ. ತುಟಿಯ ಒಂದು ಕಡೆ ಊದಿತ್ತು. ಅಕ್ಕ ಕೇಳಿದ್ದಕ್ಕೆ ನಲ್ಲಿ ಹತ್ತಿರ ಜಾರಿ ಬಿದ್ದೆ ಅಂದ. ಊಟ ಮಾಡ್ತೀಯೇನೋ ಅಂದದ್ದಕ್ಕೆ, ಹೊಟ್ಟೆ ತುಂಬ ಅಂದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಪಕ್ಕಕ್ಕೆ ಸರಿದಳು. ನಾನು ಜಾಲರಿಗೆ ಮುಖ ಒತ್ತಿ ನಿಂತೆ.

ಅವನು ಅಕ್ಕ ನೋಡುತ್ತಿಲ್ಲ ಅನ್ನುವುದನ್ನು ಖಚಿತ ಮಾಡಿಕೊಂಡು ನನ್ನ ಕಡೆ ಬಾಗಿದ.

"ಭಾವ, ನಿಮಗೂ ಇಂಗೇ ಮಾಡಿದ್ರಾ?"

ಹೂಂ ಅಂದೆ.

ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನ ಕಣ್ಣು ತುಂಬಿಬಂತು. ಜಾಲರಿಯ ಕಿಂಡಿಗೆ ಬೆರಳು ತೂರಿಸಿ, "ಯಾರಿಗೂ ಯೋಳ್ಬ್ಯಾಡಿ ಭಾವ. ನಿಮ್ದೂ ನಾನು ಯಾರಿಗೂ ಯೋಳಲ್ಲ" ಅಂದ.