ಲಂಡನ್ನಿಗೆ ಎಷ್ಟು ನಿಂಬೆಹಣ್ಣು

"ಆಲ್ದೂರಿಂದ ಚಿಕ್ಕಮಗಳೂರಿಗೆ ಒಂದು ನಿಂಬೆಹಣ್ಣು ಮೂಸ್ಕೊಂಡು ಹೋದ್ರೆ ವಾಂತಿ ಬರಲ್ಲ. ಹೊರನಾಡಿಗೆ ಮೂರು ಬೇಕು, ಆ ತಿರುವಲ್ಲಿ ಹಣ್ಣಿನ ವಾಸನೇನೇ ಹೋಗ್ಬಿಡತ್ತೆ. ಈಗ ಮೊಮ್ಮಗಳು ಕವನಾ ಲಂಡನ್ನಿಗೆ ಬಾ ಅಂತಾಳೆ. ಅವಳ ಕೂಸಿಗೆ ನೀರು ಹಾಕಕ್ಕೆ ನಾನೇ ಬೇಕಂತೆ. ಬೆಂಗಳೂರಿಂದ ಅಲ್ಲಿಗೆ ಎಷ್ಟು ಹಣ್ಣು ಬೇಕು, ಹೇಳು ಮಾರಾಯ."

ನಮ್ಮ ಪಕ್ಕದ ಮನೆ ದ್ಯಾವಮ್ಮ ಹೀಗೆ ಕೇಳಿದ್ದು ಟ್ಯಾಕ್ಸಿ ಓಡಿಸುವ ದಿಲೀಪನನ್ನು. ಊರಿನ ಅರ್ಧ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳು ಅವಳು. ಬಸ್ಸು ಹತ್ತಿದರೆ ಮಾತ್ರ ಅವಳಿಗೆ ವಾಂತಿ.

ದಿಲೀಪ ಮೊಬೈಲ್ ನೋಡಿದ. "ಎಂಟು ಸಾವಿರ ಕಿಲೋಮೀಟರ್, ಹತ್ತೂವರೆ ಗಂಟೆ. ಆದ್ರೆ ಮೇಲೆ ತಿರುವಿಲ್ಲ ಅಜ್ಜಿ."

"ನೀನು ಹೋಗಿ ನೋಡಿದ್ಯಾ?"

ಅವನು ಹೋಗಿರಲಿಲ್ಲ. ದ್ಯಾವಮ್ಮ ಮೂವತ್ತು ಹಣ್ಣು ಕಿತ್ತಳು.

ಮುಂದಿನದ್ದನ್ನು ಕವನಾ ಫೋನಿನಲ್ಲಿ ಹೇಳಿದಳು. ವಿಮಾನದಲ್ಲಿ ಅಜ್ಜಿಗೆ ಒಂದು ಹಣ್ಣೂ ಬೇಕಾಗಲಿಲ್ಲವಂತೆ. ಸುಮ್ಮನೆ ಹೊರೆ ಯಾಕೆಂದು ಅಷ್ಟನ್ನೂ ಊಟ ಕೊಟ್ಟ ಹುಡುಗಿಯ ಕೈಗಿಟ್ಟು ಇಳಿದಳಂತೆ. ಅಲ್ಲಿಂದ ಮನೆಗೆ ಅರ್ಧ ಗಂಟೆ ಕಾರು. ಎರಡು ಸಲ ನಿಲ್ಲಿಸಬೇಕಾಯಿತು.

ಮನೆ ಮುಟ್ಟಿದ ದ್ಯಾವಮ್ಮ ಬಾಯಿ ಮುಕ್ಕಳಿಸಿ, ಸೆರಗು ಸಿಕ್ಕಿಸಿ, ಕೂಸಿನ ಸ್ನಾನಕ್ಕೆ ನೀರು ಕಾಯಿಸಲು ಇಟ್ಟಳು.